ಎತ್ತಿಕೊಳ್ಳದ ಕೈ

"ಇವತ್ತು ಎತ್ಕೋಬೇಡಿ ಅಜ್ಜಿ. ಅತ್ರೂ ಎತ್ಕೋಬೇಡಿ," ಎಂದಳು ಮೇಘನಾ.

ಹುಲ್ಲಹಳ್ಳಿ ಶಾಲೆಯ ವರಾಂಡದಲ್ಲಿ ಆರು ವರ್ಷದ ಬಿಂದುಶ್ರೀ ಗೋಡೆಗೆ ಬೆನ್ನು ಕೊಟ್ಟು, ವಾಕರ್ ಹಿಡಿದು ನಿಂತಿದ್ದಳು. ಹುಟ್ಟಿದಾಗಿನಿಂದ ಬಿಗಿದುಕೊಂಡ ಕಾಲುಗಳು. ಫಿಸಿಯೋಥೆರಪಿಯ ಮೇಘನಾ ಮಂಗಳವಾರ ಮಂಗಳವಾರ ಬಂದು ಅವನ್ನು ನೀವಿ, ಎಳೆದು, ಬಗ್ಗಿಸಿ, ನಿಲ್ಲುವ ಮಟ್ಟಿಗೆ ತಂದಿದ್ದಳು. ನಡೆಯುವುದು ಮಾತ್ರ ಆಗಿರಲಿಲ್ಲ. ಕಷ್ಟವೆನಿಸಿದೊಡನೆ ಹುಡುಗಿ ಅಜ್ಜಿಯತ್ತ ಎರಡೂ ಕೈ ಚಾಚುವಳು. ಪುಟ್ಟಮಾದಮ್ಮ ಓಡಿಬಂದು ಸೊಂಟದ ಮೇಲೆ ಕೂರಿಸಿಕೊಳ್ಳುವಳು.

"ಬಿದ್ರೆ?"

"ನಾನಿದ್ದೀನಲ್ಲ."

"ಇಷ್ಟ್ ದಿನ ನಾನಿರ್ನಿಲ್ವಾ ತಾಯಿ?"

"ಅದೇ ತೊಂದ್ರೆ ಆಗಿರೋದು," ಮೇಘನಾ ನಕ್ಕಳು. "ಮಗು ಕಾಲು ಕಲೀಬೇಕಾದ್ದನ್ನ ನಿಮ್ಮ ಸೊಂಟ ಕಲ್ತುಬಿಟ್ಟಿದೆ."

ಪುಟ್ಟಮಾದಮ್ಮ ನಗಲಿಲ್ಲ. ಬಿಂದುವಿನ ತಾಯಿ ಬೆಳಕು ಹರಿಯುವ ಮುಂಚೆಯೇ ನಂಜನಗೂಡಿನ ಗಾರ್ಮೆಂಟ್ಸಿಗೆ ಹೊರಟರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೂ ಸೊಂಟದ ಮೇಲೆ ಈ ಕೂಸು. ನಾಲೆಗೆ ನೀರು ಬಿಟ್ಟದ್ದು, ಪಕ್ಕದ ಮನೆಯ ಎಮ್ಮೆ ಈದದ್ದು, ಸತ್ತ ಗಂಡನ ಸಿಟ್ಟು ಸೆಡವು, ಎಲ್ಲವನ್ನೂ ಆ ಪುಟ್ಟ ಕಿವಿಗೆ ಹೇಳುತ್ತ ಊರು ತಿರುಗುತ್ತಿದ್ದಳು. ಕೇಳುವವರು ಇನ್ಯಾರಿದ್ದರು?

ಬಿಂದು ತುಟಿ ಸೊಟ್ಟ ಮಾಡಿ ಕೈ ಚಾಚಿದಳು. "ಅಜ್ಜೀ."

ಮುದುಕಿಯ ತೋಳುಗಳು ತಾವಾಗಿಯೇ ಎದ್ದವು. ಅವಳು ವರಾಂಡದ ಅಂಚಿನಲ್ಲಿ ಕುಳಿತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಬಿಟ್ಟಳು. "ನೀನೇ ಬಾ ಮಗ. ನಾ ಇಲ್ಲೇ ಕುಂತಿವ್ನಿ."

ಮಗು ಅತ್ತಿತು. ಬಿತ್ತು. ಮೇಘನಾ ಎಬ್ಬಿಸಿ ನಿಲ್ಲಿಸಿದಳು. ಮತ್ತೆ ಅತ್ತಿತು. ಆಮೇಲೆ ಅಳು ಮರೆತು, ಹುಬ್ಬು ಗಂಟಿಕ್ಕಿ, ವಾಕರನ್ನು ಮುಂದಕ್ಕೆ ತಳ್ಳಿ ಒಂದು ಕಾಲನ್ನು ಎಳೆಯಿತು. ಹಿಂದೆಯೇ ಇನ್ನೊಂದನ್ನು. ಬೆವರಿದ ಮುಖ ಹತ್ತಿರ ಹತ್ತಿರ ಬಂತು. ಪುಟ್ಟಮಾದಮ್ಮ ಎದೆ ಮುಂದೆ ಮಾಡಿ ಕಾದಳು.

ಬಿಂದು ಅವಳ ಬಳಿ ನಿಲ್ಲಲಿಲ್ಲ. ವರಾಂಡದ ತುದಿಯಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಅಣ್ಣೆಕಲ್ಲು ಆಡುತ್ತಿದ್ದರು. ವಾಕರ್ ಅತ್ತ ತಿರುಗಿತು.

"ನಂಗೂ ಕಲ್ಲು ಕೊಡ್ರೇ," ಎಂದಳು ಬಿಂದು.

"ಏಯ್, ಬಿಂದು ನಡ್ಕೊಂಡ್ ಬಂದ್ಲು ಕಣೇ. ಜಾಗ ಬುಡು."

ಮೇಘನಾಳ ಕಣ್ಣು ತುಂಬಿತ್ತು. "ನೋಡಿದ್ರಾ ಅಜ್ಜಿ? ಸಾಕು, ಇನ್ನು ಕೈ ತೆಗೀರಿ."

ಪುಟ್ಟಮಾದಮ್ಮ ತೆಗೆಯಲಿಲ್ಲ. ತೆಗೆದು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.