ಇಸಿದುಕೊಳ್ಳದೆ ಬಿಟ್ಟ ಉತ್ತರ

ಚಿದಂಬರ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಕಂಪನಿಯ ಡೈರೆಕ್ಟರಿಯಿಂದ ಸಿಬ್ಬಂದಿಯ ಹೆಸರುಗಳನ್ನು ಕೇಳಿ ತರಬೇಕಿತ್ತು. ಪರದೆ ಮಾತ್ರ ಬೆಳಗಿನಿಂದ ಬೆಪ್ಪಾಗಿ ಖಾಲಿ ಕೂತಿತ್ತು. ಸೋತು ಸುಣ್ಣವಾದವನು ಕೊನೆಗೆ ಪಕ್ಕದ ಮೇಜಿನ ನೀಲಾಂಬಿಕೆಯನ್ನೇ ಕರೆದ. ಕರೆದನೇ ಹೊರತು ಮುಖ ನೋಡಲಿಲ್ಲ.

‘ಡೈರೆಕ್ಟರಿ ಉತ್ತರಾನ ಕೊಡವಲ್ದು ನೋಡ್ರಿ.’

ಅವಳು ಕೋಡಿನ ಮೇಲೆ ಕಣ್ಣಾಡಿಸಿ ನಕ್ಕಳು. ‘ಅದು ಯಾವಾಗೋ ಕೊಟ್ಟೈತಿ. ನೀವು ಪ್ರಶ್ನಿ ಕಳಿಸಿ, ಟೋಕನ್ ನಂಬರ್ ಇಸ್ಕೊಂಡು ಸುಮ್ಮನ ಕುಂತೀರಿ. ಆ ನಂಬರ್ ಹಿಡ್ಕೊಂಡು ಉತ್ತರ ಕೇಳಾಕ ಹೋಗೇ ಇಲ್ಲ.’

‘ತಾನಾಗೇ ಬರ್ತೈತಿ ಅಂದ್ಕೊಂಡಿದ್ದೆ.’

‘ಹಂಗ ಬರೂದಿಲ್ರಿ. ಹೋಗಿ ಇಸ್ಕೋಬೇಕು.’

ಅವನು ಉತ್ತರ ಇಸಿದುಕೊಳ್ಳುವ ಸಾಲನ್ನು ಕೋಡಿಗೆ ಸೇರಿಸಿದ. ಪರದೆ ತುಂಬ ಹೆಸರುಗಳು ಬಂದು ಬಿದ್ದವು.

ಅವಳು ಎದ್ದಳು. ‘ಮೊನ್ನೆ ಗಿರ್ಮಿಟ್ ಅಂಗಡ್ಯಾಗ, ನನ್ನ ಲಗ್ನ ಆಗ್ತೀರೇನು ಅಂತ ಕೇಳಿ ಓಡಿ ಹೋದ್ರಲ್ಲ, ಅದರ ಉತ್ತರ ಯಾವಾಗ ಇಸ್ಕೊಳ್ಳಾವ್ರು?’