ಡೊನೇಷನ್ ಸೀಟು

ಪೋಷಕರ ಕೊನೆಯ ಸಾಲಿನಲ್ಲಿ, ಗಂಡನ ಪಕ್ಕದ ಕುರ್ಚಿ ಹಿಡಿದು ಕೂತಳು ತಾಯಿ. ಮಗನನ್ನು ಈ ಮೆಡಿಕಲ್ ಕಾಲೇಜಿನಲ್ಲಿ ಬಿಡುವುದೋ, ಮನೆಗೆ ಕರೆದೊಯ್ಯುವುದೋ? ಹೊಸ ವಿದ್ಯಾರ್ಥಿಗಳ ಸ್ವಾಗತ ಸಭೆ ಮುಗಿಯುವುದರೊಳಗೆ ಹೇಳಿಬಿಡಬೇಕಿತ್ತು. ಗಂಡನದು ಆಗಲೇ ತೀರ್ಮಾನವಾಗಿತ್ತು. ಬಸ್ ಓಡಿಸುವವನು, ಒಮ್ಮೆ ಗೇರ್ ಹಾಕಿದರೆ ಹಿಂದೆ ನೋಡುವ ಪೈಕಿಯಲ್ಲ.

“ಅವನ ಆಸೆ ಅದು. ಸುಮ್ನಿರೇ,” ಎಂದ.

“ನನಗೊಂದು ಮಾತು ಹೇಳ್ದೆ ಸಹಿ ಹಾಕಿದ್ದ. ನಾನೇನು ಲೆಕ್ಕಕ್ಕಿಲ್ವಾ?”

ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಈಚೆಗೆ ಅವಳಿಗೆ ಏನೂ ಬರುತ್ತಿರಲಿಲ್ಲ. ಹಸಿವೂ ಇಲ್ಲ, ನಿದ್ದೆಯೂ ಇಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು.

ಇನ್ನೊಂದು ಪಕ್ಕದಲ್ಲಿ ಕೂತವಳು ದರ್ಜಿ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅಂಗಡಿಯಿಂದ ಓಡಿ ಬಂದಿದ್ದಳು. ಬಾಯಿ ಮಾತ್ರ ಹೊಲಿಗೆ ಯಂತ್ರಕ್ಕಿಂತ ಜೋರು.

“ನಿಮ್ಮ ಮಗನ್ನೂ ಸೇರಿಸಿದ್ದೀರಾ?”

“ಹೂಂ. ಹೋದ ವಾರವೇ ಸೇರಿಸಿದ್ವಿ.”

“ಅಷ್ಟು ಬೇಗನಾ! ನಮ್ಮವಳಿಗೆ ಪರೀಕ್ಷೆ ಬರೆದೂ ಬರೆದೂ ಕೈ ಬಿದ್ದುಹೋಯ್ತು ನೋಡಿ.”

“ಅವನಿಗೆ ಪರೀಕ್ಷೆಗಿರೀಕ್ಷೆ ಏನೂ ಇರ್ಲಿಲ್ಲ. ಕೊಡ್ತೀವಿ ಅಂದ ತಕ್ಷಣ ತಗೊಂಡ್ರು.”

“ಓಹೋ! ಡೊನೇಷನ್ನಾ?”

“ಹೂಂ. ಡೊನೇಷನ್.”

ದರ್ಜಿ ಮೂಗು ಮುರಿದಳು. ಡ್ರೈವರನ ಸವೆದ ಚಪ್ಪಲಿಯನ್ನೊಮ್ಮೆ ನೋಡಿದಳು. ಯಾಕೋ ತಾಳೆಯಾಗಲಿಲ್ಲ. ಮಾತು ಬದಲಿಸಿದಳು.

“ಹಾಸ್ಟೆಲ್ ಸಿಕ್ತಾ?”

“ಇಲ್ಲೇ ಕೆಳಮಹಡಿಯಲ್ಲಿ ಇಟ್ಟಿದ್ದಾರೆ. ತುಂಬಾ ತಣ್ಣಗಿದೆ. ಅವನಿಗೆ ಚಳಿ ಅಂದ್ರೆ ಆಗಲ್ಲ. ಕಂಬಳಿ ತಂದಿದ್ದೆ, ಬೇಡ ಅಂದ್ಬಿಟ್ರು.”

“ಅಯ್ಯೋ, ಎಂಥ ಕಟುಕರು! ಮನೆಗೆ ಕರ್ಕೊಂಡು ಹೋಗಿ ಅತ್ಲಾಗೆ.”

“ಅದೇ ಯೋಚನೆ. ಈ ಹುಡುಗರು ಅವನನ್ನ ನೋಡಿ ನಕ್ಕುಬಿಟ್ರೆ?”

“ರ‍್ಯಾಗಿಂಗಾ? ಈಗೆಲ್ಲ ಭಾರಿ ಕಟ್ಟುನಿಟ್ಟು ಕಣ್ರೀ. ಅಷ್ಟಕ್ಕೂ, ತಿರುಗಿ ಎರಡು ಬಿಟ್ರೆ ತೆಪ್ಪಗಾಗ್ತಾರೆ.”

“ನಮ್ಮ ಗುಂಡ ತಿರುಗಿ ಏನೂ ಅನ್ನಲ್ಲ,” ಎಂದಳು ತಾಯಿ.

ವೇದಿಕೆಯ ಮೇಲೆ ಪ್ರಾಧ್ಯಾಪಕರು ಗುರುತಿನ ಚೀಟಿ ಹಂಚತೊಡಗಿದ್ದರು. ಹೆಸರು ಕರೆದಂತೆ ಒಬ್ಬೊಬ್ಬರೇ ಹೋಗುತ್ತಿದ್ದರು. ಉದ್ದನೆಯ ಹುಡುಗನೊಬ್ಬ ಮೈಕಿನ ವೈರಿಗೆ ಕಾಲು ಸಿಕ್ಕಿ ದಬಕ್ಕನೆ ಬೋರಲು ಬಿದ್ದ. ಇಡೀ ಸಭಾಂಗಣ ಹೋ ಎಂದು ನಕ್ಕಿತು.

ತಾಯಿ ಎದ್ದು ನಿಂತಳು. “ಏಳ್ರೀ. ಕರ್ಕೊಂಡು ಹೋಗೋಣ. ಇವರ ಕೈಗೆ ನನ್ನ ಮಗನ್ನ ಕೊಡಲ್ಲ.”

ಗಂಡ ಅವಳ ಕೈ ಹಿಡಿದು ಜಗ್ಗಿದ. ಅಷ್ಟರಲ್ಲಿ ಸಣಕಲು ಹುಡುಗಿಯೊಬ್ಬಳು ವೇದಿಕೆ ಹತ್ತಿ, ಬಿದ್ದವನ ತೋಳು ಹಿಡಿದು ಎಬ್ಬಿಸಿದಳು. ಅವನ ಮೊಣಕಾಲಿನ ಧೂಳು ಕೊಡವಿದಳು. ಆಮೇಲೆ ಸಭೆಯ ಕಡೆ ತಿರುಗಿದಳು.

“ನಗೋಕೇನಿದೆ ಇದ್ರಲ್ಲಿ? ನಾಳೆ ಡಾಕ್ಟರಾಗೋರಲ್ವಾ ನೀವು? ನಾಚಿಕೆ ಆಗಲ್ವಾ?”

ನಗು ಗಪ್ಪೆಂದು ನಿಂತಿತು.

“ನಮ್ಮವಳು!” ದರ್ಜಿ ಹಿಗ್ಗಿ ಹೀರೇಕಾಯಿಯಾದಳು. “ಬಾಯಿ ನಂದೇ ಬಂದಿದೆ.”

“ಅವಳೂ ಕೆಳಮಹಡಿಗೆ ಬರ್ತಾಳಾ?”

“ಮತ್ತಿನ್ನೇನು? ಎಲ್ಲರಿಗೂ ಮೊದಲ ಪಾಠ ಅಲ್ಲೇ ಅಂತೆ.”

ತಾಯಿ ಮೆಲ್ಲಗೆ ಕೂತಳು. ಕಣ್ಣಿಗೆ ಬಂದ ನೀರನ್ನು ಸೆರಗಿನಿಂದ ಒರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ಏನಾದರೊಂದು ಬಂತಲ್ಲ ಎಂದುಕೊಂಡಳು.

ಸಭೆ ಮುಗಿಯಿತು. ಪ್ರಾಧ್ಯಾಪಕರು ನೇರವಾಗಿ ಅವಳ ಬಳಿ ಬಂದು, ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದರು: “ಏನು ಯೋಚನೆ ಮಾಡಿದ್ರಿ ಅಮ್ಮ? ಮನಸ್ಸು ಒಪ್ಪದಿದ್ರೆ ಈಗ್ಲೂ ಕರ್ಕೊಂಡು ಹೋಗ್ಬಹುದು.”

ತಾಯಿ ಆ ಸಣಕಲು ಹುಡುಗಿಯನ್ನೇ ನೋಡುತ್ತಿದ್ದಳು.

“ಇಲ್ಲೇ ಇರಲಿ,” ಎಂದಳು. “ಮಕ್ಕಳು ಅವನ ದೇಹ ಕೊಯ್ಯೋವಾಗ ಮುಖ ಮಾತ್ರ ಮುಚ್ಚಿರಲಿ, ಸಾರ್.”