ಎಡ ಹುಬ್ಬು

ಎಂಟು ವರ್ಷದಿಂದ ಕೀಲುವಾತದಿಂದ ನರಳುತ್ತಿದ್ದ ನರ್ತಕಿ, ಕಾರ್ಯಕ್ರಮಕ್ಕೆ ಮುಂಚೆ ಮೃದಂಗದ ಮೇಷ್ಟ್ರನ್ನು ಪಕ್ಕಕ್ಕೆ ಕರೆದಳು.

"ಮೇಷ್ಟ್ರೇ, ಮಂಡಿ ಹಿಡ್ಕೊಂಡ್ರೆ ಎಡ ಹುಬ್ಬು ಏರಿಸ್ತೀನಿ. ನೀವೊಬ್ರೇ ಐದು ನಿಮಿಷ ನುಡಿಸ್ಬಿಡಿ. ನಾನು ಕೃಷ್ಣನಿಗೆ ಕಾಯೋ ರಾಧೆ ಥರ ಕೂತಿರ್ತೀನಿ. ಯಾರಿಗೂ ಗೊತ್ತಾಗಲ್ಲ."

"ಗುಂಡುಕಲ್ಲಿನ ಹಾಗಿದ್ದೀಯ, ನಿಂಗೆಂಥ ನೋವಮ್ಮ?"

"ಹೊರಗೆ ಕಾಣಲ್ಲ, ಅದೇ ಕಷ್ಟ."

"ಆಯ್ತು ಬಿಡು. ಎಡ ಹುಬ್ಬು ತಾನೇ?" ಮೇಷ್ಟ್ರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮೂರನೆಯ ನೃತ್ಯದ ನಡುವೆ ಮಂಡಿ ಹಿಡಿದುಕೊಂಡಿತು. ಅವಳು ನಗು ಕೆಡದಂತೆ ಹುಬ್ಬೇರಿಸಿ ಮೇಷ್ಟ್ರ ಕಡೆ ನೋಡಿದಳು.

ಮೇಷ್ಟ್ರು ಎಡಗೈಯಲ್ಲಷ್ಟೇ ನುಡಿಸುತ್ತಿದ್ದರು. ಸೆಟೆದುಕೊಂಡ ಬಲಗೈ ತೊಡೆಯ ಮೇಲಿತ್ತು. ಅವರ ಎಡ ಹುಬ್ಬು ಆಗಲೇ ಏರಿತ್ತು.